ಜಗಲಿಗೆ ಬಂದವರೆಲ್ಲ ನಡುಮನೆ ಸೇರುವುದಿಲ್ಲ

ತಪ್ಪು ಕಲ್ಪನೆ: ಚುಚ್ಚಿದ ಮದ್ದು ನೇರ ಜೀವಕೋಶದೊಳಕ್ಕೆ ಹೋಗುತ್ತದೆ.
ವಾಸ್ತವ: ರಕ್ತಕ್ಕೆ ಸೇರುತ್ತದೆ, ಅಷ್ಟೇ. ಫ್ರಿಜ್ಜಿನ ಬಾಗಿಲಲ್ಲಿ ಕೂತ ಇನ್ಸುಲಿನ್ನನ್ನೇ ನೋಡಿ. ಅದರ ಕೆಲಸವೆಲ್ಲ ಕೋಶದ ಹೊರಗಿಂದಲೇ: ಪೊರೆಯ ಮೇಲಿನ ಗ್ರಾಹಿಗೆ ಅಂಟಿಕೊಂಡು ಒಳಗೆ ಸುದ್ದಿ ಮುಟ್ಟಿಸುತ್ತದೆ. ರೋಗದ ಬೇರು ಕೋಶದ ಒಳಗಿದ್ದಾಗಲೇ ಪೇಚಾಟ.

ತಪ್ಪು ಕಲ್ಪನೆ: ಪೊರೆ ಜರಡಿಯಿದ್ದಂತೆ, ಸಣ್ಣದು ಇಳಿಯುತ್ತದೆ, ದೊಡ್ಡದು ನಿಲ್ಲುತ್ತದೆ.
ವಾಸ್ತವ: ಪೊರೆ ಜಿಡ್ಡಿನ ಪದರ. 180 ಡಾಲ್ಟನ್ ತೂಕದ ಆಸ್ಪಿರಿನ್ ಸಲೀಸಾಗಿ ನುಸುಳುತ್ತದೆ, ನಿಜ. ಆದರೆ ಕಿಡ್ನಿ ಕಸಿಯಾದವರು ನುಂಗುವ ಸೈಕ್ಲೋಸ್ಪೊರಿನ್ ಸುಮಾರು 1,200 ತೂಗಿಯೂ ದಾಟುತ್ತದೆ. ಜಿಡ್ಡು ಎದುರಾದಾಗ ನೀರನ್ನು ಬಯಸುವ ಭಾಗಗಳನ್ನು ಒಳಕ್ಕೆ ಮಡಚಿಕೊಳ್ಳುವ ಜಾಣತನ ಅದಕ್ಕಿದೆ. ಜೀನಿನ ಆದೇಶವನ್ನು ಅಡಗಿಸುವ ಆರ್‌ಎನ್‌ಎ ತುಣುಕು 13,000ಕ್ಕೂ ಹೆಚ್ಚು ತೂಗುತ್ತದೆ, ಮೈತುಂಬ ಋಣಾವೇಶ ಬೇರೆ. ಅದಕ್ಕೆ ಈ ಆಟ ಬಾರದು.

ತಪ್ಪು ಕಲ್ಪನೆ: ಒಳಗೆ ಹೊಕ್ಕರೆ ಗೆದ್ದಂತೆ.
ವಾಸ್ತವ: ನಿಜವಾದ ತೊಡಕು ಇಲ್ಲಿಂದಲೇ ಶುರು. ಕೋಶವು ದೊಡ್ಡ ಅಣುವನ್ನು ತನ್ನ ಪೊರೆಯದೇ ಚೀಲದಲ್ಲಿ ಸುತ್ತಿ ಒಳಗೆಳೆಯುತ್ತದೆ. ಇದೇ ಎಂಡೋಸೋಮ್. ನೆಂಟನನ್ನು ಜಗಲಿಯಲ್ಲಿ ಕೂರಿಸಿ ಒಳಬಾಗಿಲಿಗೆ ಚಿಲಕ ಹಾಕಿದ ಹಾಗೆ. ಚೀಲದೊಳಗೆ ಹುಳಿ ಏರುತ್ತ ಹೋಗುತ್ತದೆ, ಕೊನೆಗೆ ಎಲ್ಲವನ್ನೂ ಅರೆದು ಮುಗಿಸುವ ಲೈಸೋಸೋಮ್. ಆರ್‌ಎನ್‌ಎಯನ್ನು ಹೊತ್ತೊಯ್ಯುವ ಕೊಬ್ಬಿನ ನ್ಯಾನೊಕಣಗಳು ಆ ಹುಳಿಯನ್ನೇ ಬಳಸಿಕೊಂಡವು. ರಕ್ತದಲ್ಲಿ ತೆಪ್ಪಗಿರುವ ಕೊಬ್ಬಿನಣು ಹುಳಿ ತಾಕಿದೊಡನೆ ಧನಾವೇಶ ಪಡೆದು ಚೀಲದ ಗೋಡೆಯನ್ನು ಕದಡುತ್ತದೆ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಪಟಿಸಿರಾನ್ ಎಂಬ ಆರ್‌ಎನ್‌ಎ ಮದ್ದು ಹೀಗೇ ಯಕೃತ್ತಿನ ಕೋಶ ಸೇರುತ್ತದೆ. ಹಾಗಂತ ಹಿಗ್ಗಬೇಡಿ: ಇಂಥ ಕಣಗಳ ಆರ್‌ಎನ್‌ಎಗೆ ಚಿನ್ನದ ಗುರುತು ಕಟ್ಟಿ 2013ರಲ್ಲಿ ಎಣಿಸಿದಾಗ ಚೀಲದಿಂದ ಪಾರಾದದ್ದು ನೂರಕ್ಕೆ ಒಂದೆರಡು ಮಾತ್ರ. ಒಂದೊಂದು ತುಣುಕೂ ಹತ್ತಾರು ಆದೇಶಗಳನ್ನು ಕತ್ತರಿಸಬಲ್ಲದು, ಅದರಿಂದ ಬದುಕಿದೆವು.

ತಪ್ಪು ಕಲ್ಪನೆ: ಸೂಕ್ಷ್ಮದರ್ಶಕದಲ್ಲಿ ಕಂಡಮೇಲೆ ಅನುಮಾನವೇಕೆ?
ವಾಸ್ತವ: ಎಚ್‌ಐವಿಯ ಟ್ಯಾಟ್ ಪ್ರೋಟೀನು ತಾನಾಗಿಯೇ ಕೋಶ ಹೊಗುತ್ತದೆಂದು 1988ರಲ್ಲಿ ಗೊತ್ತಾಯಿತು. ಅದರ ತುಣುಕಿಗೆ ಹೊಳೆಯುವ ಬಣ್ಣ ಕಟ್ಟಿ ನೋಡಿದರೆ ಕೋಶಕೇಂದ್ರದವರೆಗೂ ಬೆಳಕು. 2003ರಲ್ಲಿ ಗುಟ್ಟು ರಟ್ಟಾಯಿತು: ನೋಡುವ ಮೊದಲು ಕೋಶಗಳನ್ನು ರಾಸಾಯನಿಕದಲ್ಲಿ ಅದ್ದಿ ಸ್ಥಿರಗೊಳಿಸುತ್ತಿದ್ದರು, ಬಣ್ಣ ಹರಡಿದ್ದು ಆಗ. ಸತ್ತವರ ಮನೆಗೆ ಯಾರು ಬೇಕಾದರೂ ನುಗ್ಗಬಹುದು! ಜೀವಂತ ಕೋಶದಲ್ಲಿ ಕಂಡದ್ದು ಚೀಲಗಳಲ್ಲಿ ಸಿಕ್ಕಿಬಿದ್ದ ಚುಕ್ಕೆಗಳು.

ತಪ್ಪು ಕಲ್ಪನೆ: ಯಕೃತ್ತಿಗೆ ಹೋದದ್ದು ಎಲ್ಲಿಗಾದರೂ ಹೋದೀತು.
ವಾಸ್ತವ: ಕೊಲೆಸ್ಟರಾಲ್ ಇಳಿಸುವ ಮದ್ದಾದ ಇನ್‌ಕ್ಲಿಸಿರಾನ್‌ಗೆ ಗಾಲ್‌ನ್ಯಾಕ್ ಎಂಬ ಸಕ್ಕರೆ ಕಟ್ಟಿರುತ್ತಾರೆ. ಅದನ್ನು ಹಿಡಿದೆಳೆಯುವ ಗ್ರಾಹಿ ಹೇರಳವಾಗಿರುವುದು ಯಕೃತ್ತಿನ ಕೋಶಗಳಲ್ಲೇ. ಆದರೆ ಬೆನ್ನುಹುರಿಯ ನರಕೋಶಗಳಿಗೆ ಬೇಕಾದ ನುಸಿನರ್ಸೆನ್ ಮದ್ದನ್ನು ಇಂದಿಗೂ ಸೊಂಟದ ಬಳಿ ಸೂಜಿ ಚುಚ್ಚಿ ಬೆನ್ನುಹುರಿಯ ದ್ರವಕ್ಕೇ ಬಿಡಬೇಕು.