ಏಡಿಗಂತಿ ಉಲ್ಬಣಿಸಿದಾಗ ಮಿತ್ರನು ಮಾಡಬಹುದಾದುದೇನು?

ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ಹೆದ್ದಾರಿಯು ಹಿರಿಯೂರನ್ನು ದಾಟಿ ಚಿತ್ರದುರ್ಗವನ್ನು ಸೇರುತ್ತದೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಯಾರಿಗಾದರೂ ಏಡಿಗಂತಿ, ಅಂದರೆ ಕ್ಯಾನ್ಸರ್, ತಗುಲಿತೆಂದರೆ ಮನೆಯವರ ಮನಸ್ಸು ಮೊದಲು ಹೊರಳುವುದು ರಾಜಧಾನಿಯ ಕಡೆಗೆ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯು ಅಲ್ಲಿದೆ. ಬೇಗ ಗುರುತಿಸಲ್ಪಟ್ಟ ರೋಗವು ಅನೇಕರಲ್ಲಿ ಗುಣವಾಗುತ್ತದೆ. ಆದರೆ ತಡವಾಗಿ ಹೋದವರಲ್ಲಿ ಕೆಲವರು ಚಿಕಿತ್ಸೆ ಫಲಿಸದೆ ಊರಿಗೆ ಮರಳುತ್ತಾರೆ.

ಹಾಗೆ ಮರಳಿದವನು ನಮ್ಮ ಸಹಪಾಠಿಯೇ ಎಂದು ಭಾವಿಸೋಣ. ಮೊದಲ ವಾರ ಮನೆಯ ಜಗಲಿಯಲ್ಲಿ ಜನ ಕಿಕ್ಕಿರಿದಿರುತ್ತಾರೆ. ಎರಡನೆಯ ತಿಂಗಳಿಗೆ ಬರುವವರು ವಿರಳವಾಗುತ್ತಾರೆ. ಇದು ಪ್ರೀತಿಯ ಕೊರತೆಯಲ್ಲ. ಏನು ಮಾತನಾಡಬೇಕೆಂದು ತಿಳಿಯದಿರುವುದೇ ಇದಕ್ಕೆ ಮುಖ್ಯ ಕಾರಣ. “ವೈದ್ಯರೇ ಕೈಬಿಟ್ಟ ಮೇಲೆ ನಾನು ಹೋಗಿ ಮಾಡುವುದೇನು?” ಎಂದು ನಾವು ಕೇಳಿಕೊಳ್ಳುತ್ತೇವೆ. ಈ ಪ್ರಶ್ನೆಗೆ ವಿಜ್ಞಾನವು ಕೊಡುವ ಉತ್ತರವು ನಮ್ಮ ನಿರೀಕ್ಷೆಗಿಂತ ಹೆಚ್ಚು ಆಶಾದಾಯಕವಾಗಿದೆ.

ನೋವು ಹುಟ್ಟುವ ಬಗೆ

ಗಂತಿಯು ಬೆಳೆಯುತ್ತ ಎಲುಬನ್ನು ಕೊರೆಯಬಹುದು, ನರವನ್ನು ಒತ್ತಬಹುದು, ಕರುಳನ್ನು ಬಿಗಿಯಬಹುದು. ಆ ಸುದ್ದಿಯನ್ನು ನರಗಳು ಮಿದುಳಿಗೆ ಒಯ್ಯುತ್ತವೆ. ಈ ಸುದ್ದಿಯು ತಂತಿಯ ಸಂದೇಶದಂತೆ ಇದ್ದುದು ಇದ್ದಂತೆಯೇ ತಲುಪುವುದೆಂದು ಹಿಂದೆ ನಂಬಿದ್ದರು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಬೇರೊಂದು ವಾದವನ್ನು ಮಂಡಿಸಿದರು. ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲಿದೆ. ಮಿದುಳಿನಿಂದ ಕೆಳಗಿಳಿಯುವ ಆಜ್ಞೆಗಳು ಅದನ್ನು ತೆರೆಯಲೂ ಬಲ್ಲವು, ಮುಚ್ಚಲೂ ಬಲ್ಲವು ಎಂದು ಅವರು ಹೇಳಿದರು. ಅವರ ವಿವರಣೆಯ ಕೆಲವು ಅಂಶಗಳು ಮುಂದೆ ತಿದ್ದುಪಡಿಯನ್ನು ಹೊಂದಿದರೂ ಮುಖ್ಯ ತತ್ತ್ವವು ಉಳಿದುಬಂದಿದೆ. ಭಯ, ನಿದ್ರಾಹೀನತೆ, ಒಂಟಿತನಗಳು ನೋವನ್ನು ಹೆಚ್ಚಿಸುತ್ತವೆ. ನೆಮ್ಮದಿಯು ಅದನ್ನು ತಗ್ಗಿಸುತ್ತದೆ.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಶುಶ್ರೂಷಾಲಯವನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರು ಇದನ್ನು ರೋಗಿಗಳ ಬಾಯಿಂದಲೇ ಕೇಳಿ ಅರಿತಿದ್ದರು. ದೇಹದ ನೋವು, ಮನಸ್ಸಿನ ನೋವು, ಸಂಸಾರ ಮತ್ತು ಸಾಲಗಳ ಚಿಂತೆ, ಬಾಳಿನ ಅರ್ಥವನ್ನು ಕುರಿತ ಕಳವಳ, ಇವು ನಾಲ್ಕೂ ಹೆಣೆದುಕೊಂಡಿರುವ ಸ್ಥಿತಿಯನ್ನು ಅವರು ‘ಸಮಗ್ರ ನೋವು’ ಎಂದು ಕರೆದರು. ಗುಳಿಗೆಯು ಮೊದಲನೆಯದನ್ನು ತಗ್ಗಿಸೀತು. ಉಳಿದ ಮೂರಕ್ಕೆ ಮನುಷ್ಯರು ಬೇಕು.

ಗಡಿಯಾರದಂತೆ ಔಷಧ

ಹಾಗೆಂದು ಔಷಧವನ್ನು ಕಡೆಗಣಿಸಬಾರದು. ಸಾಂತ್ವನದ ಮಾತು ಔಷಧಕ್ಕೆ ಬದಲಿಯಲ್ಲ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರಿನ ನೋವಿಗೆ ಮೂರು ಮೆಟ್ಟಿಲುಗಳ ಕ್ರಮವೊಂದನ್ನು ಪ್ರಕಟಿಸಿತು. ಮೊದಲ ಮೆಟ್ಟಿಲಿನಲ್ಲಿ ಪ್ಯಾರಸಿಟಮಾಲಿನಂತಹ ಸೌಮ್ಯ ಔಷಧಗಳಿವೆ. ಕೊನೆಯದರಲ್ಲಿ ಅಫೀಮಿನಿಂದ ಪಡೆದ ಮಾರ್ಫೀನ್ ಇದೆ. ನೋವು ಕೆರಳಿದ ಮೇಲೆ ಔಷಧವನ್ನು ಹುಡುಕುವುದಲ್ಲ, ಕೆರಳುವ ಮುನ್ನವೇ ನಿಯತ ಕಾಲಕ್ಕೆ ಕೊಡುವುದು ಈ ಕ್ರಮದ ಸಾರ. ಮಾರ್ಫೀನಿನ ಸಾಧಾರಣ ಗುಳಿಗೆಯ ಪ್ರಭಾವವು ಸುಮಾರು 4 ಗಂಟೆಗಳ ಕಾಲ ಇರುತ್ತದೆ.

ಮಾರ್ಫೀನ್ ಎಂದೊಡನೆ ಚಟದ ಭಯವು ಏಳುತ್ತದೆ. ನೋವಿಗಾಗಿ, ವೈದ್ಯರು ಹೇಳಿದ ಅಳತೆಯಲ್ಲಿ ಸೇವಿಸುವ ರೋಗಿಗಳು ವ್ಯಸನಿಗಳಾಗುವುದು ವಿರಳ. ಮಲಬದ್ಧತೆಯೇ ಅದರ ನಿತ್ಯದ ತೊಂದರೆ. ಅದಕ್ಕೆ ಜೊತೆಯಲ್ಲಿಯೇ ಔಷಧವನ್ನು ಕೊಡುತ್ತಾರೆ. 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ನಮ್ಮ ದೇಶದಲ್ಲಿ ಮಾರ್ಫೀನ್ ಬಹುಕಾಲ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು. ಆದುದರಿಂದ “ಈ ನೋವಿಗೆ ಮಾರ್ಫೀನ್ ಬೇಕೇ?” ಎಂದು ವೈದ್ಯರನ್ನು ಕೇಳಲು ಮನೆಯವರು ಸಂಕೋಚಪಡಬೇಕಾಗಿಲ್ಲ.

ಇಲ್ಲಿ ಮಿತ್ರನಿಗೆ ಒಂದು ಕೆಲಸವುಂಟು. ಒಂದು ನೋಟ್‌ಪುಸ್ತಕದಲ್ಲಿ ಔಷಧ ಕೊಟ್ಟ ಹೊತ್ತು, ನೋವು ಎದ್ದ ಹೊತ್ತು, ನಿದ್ರೆ, ಮಲವಿಸರ್ಜನೆ ಇವನ್ನು ಬರೆದಿಡಬಹುದು. ಓದುಬರಹ ಬಾರದ ಹಿರಿಯರಿರುವ ಮನೆಯಲ್ಲಿ ಈ ಪುಸ್ತಕವು ವೈದ್ಯರಿಗೆ ಕಣ್ಣಾಗುತ್ತದೆ. ಬೆನ್ನುನೋವಿನೊಡನೆ ಕಾಲುಗಳ ಬಲ ಕುಂದತೊಡಗಿದರೆ ಗಂತಿಯು ಬೆನ್ನುಹುರಿಯನ್ನು ಒತ್ತುತ್ತಿರಬಹುದು; ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಬಳಿಯಲ್ಲಿ ಕುಳಿತಾಗ

ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯ ಹಾಸಿಗೆಯ ಅಂಚಿನಲ್ಲಿ ಕುಳಿತುಕೊಳ್ಳಬಹುದು, ಕೈ ಹಿಡಿಯಬಹುದು, ಜೊತೆಯಲ್ಲಿ ಉಣ್ಣಬಹುದು. ಅವನು ಅರ್ಧ ತುತ್ತು ಮುದ್ದೆಗೇ ಸಾಕೆಂದರೆ ಬಲವಂತ ಮಾಡಬಾರದು. ಮುಂದುವರಿದ ರೋಗವು ದೇಹದ ಪಚನಕ್ರಿಯೆಯನ್ನೂ ಹಸಿವನ್ನೂ ಬದಲಿಸಿಬಿಡುತ್ತದೆ. ಒತ್ತಾಯದ ಊಟದಿಂದ ಬಲವು ಮರಳದು. ಬಾಯಿ ಒಣಗಿದಾಗ ತುಟಿಗಳನ್ನು ಒದ್ದೆ ಮಾಡುವುದು, ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸುವುದು, ಇವು ಮಾರ್ಫೀನಿನಷ್ಟೇ ಅಗತ್ಯವಾದ ಉಪಚಾರಗಳು. ಎರಡು ಗಂಟೆಗಳ ಕಾಲ ನೀವು ಕುಳಿತರೆ, ರಾತ್ರಿಯೆಲ್ಲ ಎಚ್ಚರವಿದ್ದ ಅವನ ತಾಯಿ ಮಲಗಬಹುದು.

ಮಾತು? “ಏನೂ ಆಗುವುದಿಲ್ಲ, ಧೈರ್ಯವಾಗಿರು” ಎಂಬುದು ಸಮಾಧಾನದಂತೆ ಕಂಡರೂ, ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. “ನಾನು ಬದುಕುವೆನೇ?” ಎಂದು ಅವನು ಕೇಳಿದರೆ ಸುಳ್ಳು ಹೇಳಬೇಕಾಗಿಲ್ಲ, ತೀರ್ಪು ಕೊಡಬೇಕಾಗಿಯೂ ಇಲ್ಲ. “ನಿನಗೆ ಏನನ್ನಿಸುತ್ತಿದೆ?” ಎಂದು ಕೇಳಿ ಸುಮ್ಮನಿರಿ. ಅವನ ಭಯವು ಸಾವಿನದಾಗಿರಬಹುದು, ತಂಗಿಯ ಮದುವೆಯ ಸಾಲದ್ದಾಗಿರಬಹುದು. ಅವನೇ ಹೇಳದೆ ನಾವು ಅರಿಯಲಾರೆವು. ಪವಾಡದ ಔಷಧಗಳ ಸುದ್ದಿಯನ್ನು ತರಬೇಡಿ. ಶಾಲೆಯ ಸುದ್ದಿ, ಈ ವರ್ಷ ವಾಣಿವಿಲಾಸ ಸಾಗರಕ್ಕೆ ಬಂದ ನೀರಿನ ಸುದ್ದಿ, ಹಳೆಯ ಜಗಳದ ನೆನಪು ಇವನ್ನು ತನ್ನಿ. ಅವನು ರೋಗಿಯಾಗಿದ್ದರೂ ನಿಮ್ಮ ಗೆಳೆಯನೇ.

ಇಂತಹ ಸೇವೆಗೆ ವೈದ್ಯಪದವಿ ಬೇಕಿಲ್ಲವೆಂಬುದನ್ನು ನೆರೆಯ ಕೇರಳವು ತೋರಿಸಿಕೊಟ್ಟಿದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಸೇವೆಯು, ತರಬೇತಿ ಪಡೆದ ನೆರೆಹೊರೆಯವರ ಮೂಲಕ ಮನೆಮನೆಗೆ ಹಬ್ಬಿತು. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯವು ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಶುಲ್ಕವಿಲ್ಲದೆ ಆಶ್ರಯವನ್ನು ನೀಡುತ್ತಿದೆ.

ಕೊನೆಯ ದಿನಗಳಲ್ಲಿ ರೋಗಿಯು ಹೆಚ್ಚು ನಿದ್ರಿಸುತ್ತಾನೆ. ಉಸಿರು ಏರಿಳಿಯುತ್ತ ನಡುನಡುವೆ ನಿಂತಂತಾಗುತ್ತದೆ. ಇದು ದೇಹವು ನಿಲ್ಲುವ ಸಹಜ ಕ್ರಮ. ಪ್ರಜ್ಞೆ ತಪ್ಪಿದ ಕೆಲವು ರೋಗಿಗಳ ಮಿದುಳು ಅಂತಿಮ ಗಂಟೆಗಳಲ್ಲಿಯೂ ಧ್ವನಿಗೆ ಸ್ಪಂದಿಸಿದುದನ್ನು 2020ರಲ್ಲಿ ಕೆನಡಾದ ಸಂಶೋಧಕರು ದಾಖಲಿಸಿದರು. ಆದುದರಿಂದ, ಉತ್ತರ ಬಾರದಿದ್ದರೂ ಅವನ ಹೆಸರು ಹಿಡಿದು ಮಾತನಾಡಿಸಿ.

ಗುಣಪಡಿಸುವ ಕಾರ್ಯಕ್ಕೆ ಮಿತಿಯುಂಟು. ನೋವನ್ನು ತಗ್ಗಿಸುವ ಕಾರ್ಯವು ಕಡೆಯ ಉಸಿರಿನವರೆಗೂ ಉಳಿದಿರುತ್ತದೆ. ಅದರಲ್ಲಿ ಒಂದು ಪಾಲು ಗೆಳೆಯನದು. ನಿಮ್ಮ ಊರಿನಲ್ಲಿ ಅಂತಹ ಮನೆಯೊಂದಿದ್ದರೆ, ಈ ಭಾನುವಾರ ಅಲ್ಲಿಗೆ ಹೋಗಿ ಬನ್ನಿ.