ನೊಂದವರ ಮನೆಯ ಬೆಕ್ಕು

ಪ್ರಯಾಣಕ್ಕೆ ಹೊರಟಾಗ ಬೆಕ್ಕು ಅಡ್ಡ ಬಂದರೆ ಮನೆಯ ಹಿರಿಯರು ಹಿಂದಿರುಗಿ, ಒಂದು ಗುಟುಕು ನೀರು ಕುಡಿದು, ಕ್ಷಣಕಾಲ ಕುಳಿತು ಮತ್ತೆ ಹೊರಡುವುದನ್ನು ನಮ್ಮ ಗುಡಿಬಂಡೆಯ ಸೀಮೆಯ ಮಕ್ಕಳೆಲ್ಲರೂ ಕಂಡಿರುತ್ತೀರಿ. ಇದೊಂದು ವಿಷಯದಲ್ಲಿ ನಮ್ಮಲ್ಲಿ ಕನ್ನಡಿಗರಿಗೂ ತೆಲುಗರಿಗೂ ಭೇದವಿಲ್ಲ. ಹಾಗೆ ಅಪಶಕುನವೆಂದು ಬೈಸಿಕೊಂಡ ಪ್ರಾಣಿಯೇ ಹಗಲೆಲ್ಲ ಅಟ್ಟದ ಮೇಲಿನ ಕಡಲೆಕಾಯಿ ಮೂಟೆಗಳನ್ನು ಇಲಿಗಳಿಂದ ಕಾಯ್ದು, ಸಂಜೆಯ ಹೊತ್ತಿಗೆ ಒಲೆಯ ಬದಿಯಲ್ಲಿ ಮುದುಡಿ ಮಲಗಿರುತ್ತದೆ. ಬೆಕ್ಕೆಂದರೂ ಕಿವಿ ನಿಮಿರಿಸುತ್ತದೆ, ಪಿಲ್ಲಿಯೆಂದರೂ ಕಿವಿ ನಿಮಿರಿಸುತ್ತದೆ. ಇಂತಹ ಪ್ರಾಣಿಯು ಮನಸ್ಸು ಮುರಿದು ಕುಳಿತವರಿಗೆ ಆಸರೆಯಾಗಬಲ್ಲದೆಂದು ಹೇಳಿದರೆ ಕೆಲವರು ನಕ್ಕಾರು. ನಗುವ ಮೊದಲು ಅವರು ಒಂದು ವೃತ್ತಾಂತವನ್ನು ಓದಬೇಕೆಂದು ನನ್ನ ಬಿನ್ನಹ.

ಇದು ದೂರದ ಲಂಡನ್ ನಗರದ ವೃತ್ತಾಂತ. ಇಂಥವು ನಮ್ಮ ಹಳ್ಳಿಗಳಲ್ಲಿಯೂ ನಡೆಯುತ್ತಿರಬಹುದು. ಆದರೆ ಅವನ್ನು ಬರೆದಿಡುವ ವಾಡಿಕೆ ನಮ್ಮಲ್ಲಿಲ್ಲ. ಜೇಮ್ಸ್ ಬೋವೆನ್ ಎಂಬ ತರುಣನು ಆ ನಗರದ ಬೀದಿಗಳಲ್ಲಿ ಗಿಟಾರು ನುಡಿಸಿ, ದಾರಿಹೋಕರು ಹಾಕಿದ ಬಿಡಿಗಾಸಿನಿಂದ ಹೊಟ್ಟೆ ಹೊರೆಯುತ್ತಿದ್ದನು. ಹೆರಾಯಿನ್ ಎಂಬ ಘೋರವಾದ ಮಾದಕ ವಸ್ತುವಿಗೆ ದಾಸನಾಗಿ, ಮನೆಮಠವಿಲ್ಲದೆ ಬೀದಿಯಲ್ಲಿ ಮಲಗಿ ಎದ್ದವನು ಅವನು. 2007ನೆಯ ಇಸವಿಯ ಹೊತ್ತಿಗೆ ನಿರ್ಗತಿಕರಿಗಾಗಿ ಇರುವ ಏರ್ಪಾಡಿನಲ್ಲಿ ಅವನಿಗೊಂದು ಚಿಕ್ಕ ಮನೆ ದೊರೆತಿತ್ತು. ಚಟ ಬಿಡಿಸುವುದಕ್ಕಾಗಿ ವೈದ್ಯರು ಮೆಥಡೋನ್ ಎಂಬ ಔಷಧವನ್ನು ಕೊಡುತ್ತಿದ್ದರು. ಆ ವರ್ಷ ಒಂದು ದಿನ ಅವನಿದ್ದ ಕಟ್ಟಡದ ಪಡಸಾಲೆಯಲ್ಲಿ ಕೆಂಚು ಬಣ್ಣದ ಗಂಡು ಬೆಕ್ಕೊಂದು ಕಾಲಿಗೆ ಗಾಯವಾಗಿ ಕುಳಿತಿತ್ತು. ಯಾರದೆಂದು ವಿಚಾರಿಸಿದನು; ಯಾರದೂ ಅಲ್ಲವೆಂದು ತಿಳಿಯಿತು. ಅದನ್ನು ಎತ್ತಿಕೊಂಡು ಹೋಗಿ ಪಶುವೈದ್ಯರಿಗೆ ತೋರಿಸಿ, ತನ್ನ ಕೈಯಲ್ಲಿದ್ದ ಅಲ್ಪ ಹಣದ ಬಹುಭಾಗವನ್ನು ಅದರ ಔಷಧಕ್ಕೆ ವೆಚ್ಚ ಮಾಡಿದನು. ತನ್ನ ನಾಳೆಯ ಊಟಕ್ಕೇ ಭರವಸೆಯಿಲ್ಲದವನು ಮಾಡಿದ ವೆಚ್ಚವಿದು ಎಂಬುದನ್ನು ಮರೆಯಬಾರದು.

ಗಾಯ ಮಾದ ಮೇಲೆ, ಬೆಕ್ಕು ತನ್ನ ದಾರಿ ತಾನು ಹಿಡಿಯಲೆಂದು ಹೊರಗೆ ಬಿಟ್ಟನು. ಅದು ಹೋಗಲಿಲ್ಲ. ಹಿಂದೆಯೇ ಬಂತು, ಒಂದು ದಿನ ಅವನು ಹತ್ತಿದ ಬಸ್ಸನ್ನೇ ಹತ್ತಿ ಪಕ್ಕದಲ್ಲಿ ಕುಳಿತಿತು. ಅದಕ್ಕೆ ಬಾಬ್ ಎಂದು ಹೆಸರಿಟ್ಟನು. ಅಂದಿನಿಂದ ಅವನು ಗಿಟಾರು ನುಡಿಸುವಾಗ ಬಾಬ್ ಜೊತೆಯಲ್ಲಿ ಕುಳಿತಿರುತ್ತಿತ್ತು. ಹೆಗಲ ಮೇಲೆ ಸವಾರಿ ಮಾಡುತ್ತಿತ್ತು. ಅದುವರೆಗೆ ಅವನನ್ನು ಕಂಡೂ ಕಾಣದಂತೆ ಸಾಗುತ್ತಿದ್ದ ಜನರು ಈಗ ನಿಂತು, ಬೆಕ್ಕನ್ನು ಮಾತನಾಡಿಸಿ, ಅನಂತರ ಅವನನ್ನೂ ಮಾತನಾಡಿಸತೊಡಗಿದರು. ಮುಂದೆ ಅವನು ನಿರ್ಗತಿಕರೇ ಮಾರಿ ಜೀವಿಸುವ ‘ಬಿಗ್ ಇಷ್ಯೂ’ ಎಂಬ ಪತ್ರಿಕೆಯನ್ನು ಮಾರಿದನು. ಕಷ್ಟಪಟ್ಟು ಮೆಥಡೋನನ್ನೂ ಬಿಟ್ಟನು. 2012ರಲ್ಲಿ ಈ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದನು. 2016ರಲ್ಲಿ ಅದು ಚಲನಚಿತ್ರವಾದಾಗ ಬಾಬ್ ತನ್ನ ಪಾತ್ರವನ್ನು ತಾನೇ ವಹಿಸಿತು! ಬೆಕ್ಕು 2020ರ ಜೂನ್ ತಿಂಗಳಲ್ಲಿ ಸತ್ತುಹೋಯಿತು. ಮರುವರ್ಷ ಲಂಡನ್ನಿನ ಇಸ್ಲಿಂಗ್ಟನ್ ಎಂಬಲ್ಲಿ ಅದರ ಪ್ರತಿಮೆಯನ್ನು ನಿಲ್ಲಿಸಿದರು.

ಇಲ್ಲಿ ಬೆಕ್ಕು ಮಾಡಿದ್ದಾದರೂ ಏನು? ಅದು ಅವನಿಗೆ ಉಪದೇಶ ಮಾಡಲಿಲ್ಲ. ಉಪದೇಶ ಮಾಡುವವರು ಅವನಿಗೆ ಮೊದಲೇ ಬೇಕಾದಷ್ಟು ಮಂದಿ ಸಿಕ್ಕಿದ್ದಿರಬೇಕು. ಬೆಳಗಾದೊಡನೆ ಅದಕ್ಕೆ ಹಸಿವಾಗುತ್ತಿತ್ತು, ಅಷ್ಟೆ. ಅದಕ್ಕೆ ಆಹಾರ ಹಾಕಲು ಅವನು ಏಳಬೇಕಾಯಿತು, ಆಹಾರ ತರಲು ದುಡಿಯಬೇಕಾಯಿತು, ದುಡಿಯಲು ಸ್ವಸ್ಥನಾಗಿರಬೇಕಾಯಿತು. ನನ್ನ ಅಭಿಪ್ರಾಯದಲ್ಲಿ ಬೆಕ್ಕಿನ ಚಿಕಿತ್ಸೆಯ ಗುಟ್ಟೆಲ್ಲ ಇರುವುದು ಇಲ್ಲಿ. ದುಃಖದಲ್ಲಿ ಮುಳುಗಿದವನು ‘ನನ್ನಿಂದ ಯಾರಿಗೂ ಉಪಯೋಗವಿಲ್ಲ’ ಎಂದುಕೊಂಡು ಕುಳಿತಿರುತ್ತಾನೆ. ಒಂದು ಚಿಕ್ಕ ಜೀವವು ಹೊತ್ತಿಗೆ ಸರಿಯಾಗಿ ಅವನ ಕಾಲು ಸುತ್ತಿ ಕೂಗಿದರೆ, ಆ ಮಾತು ಸುಳ್ಳಾಗುತ್ತದೆ. ಆಕಳು ಎಮ್ಮೆಗಳೂ ಹೀಗೆ ಕರೆಯುತ್ತವೆ, ನಿಜ. ಆದರೆ ಅವನ್ನು ಸಾಕಲು ಹಣವೂ ಮೈಯಲ್ಲಿ ಕಸುವೂ ಬೇಕು. ಬೆಕ್ಕು ಬಡವನಿಗೂ ಮುದುಕರಿಗೂ ಎಟಕುವ ಪ್ರಾಣಿ.

ಈ ವಿಚಾರ ಹೊಸದೇನೂ ಅಲ್ಲ. ದಾದಿಯರ ವೃತ್ತಿಗೆ ಗೌರವ ತಂದುಕೊಟ್ಟ ಫ್ಲಾರೆನ್ಸ್ ನೈಟಿಂಗೇಲರ ಹೆಸರನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಬಹುಕಾಲ ಹಾಸಿಗೆ ಹಿಡಿದ ರೋಗಿಗಳಿಗೆ ಸಣ್ಣ ಸಾಕುಪ್ರಾಣಿಯು ಉತ್ತಮ ಸಂಗಾತಿಯೆಂದು ಆ ಮಹಾತಾಯಿಯು 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಗ್ರಂಥದಲ್ಲಿ ಬರೆದಿದ್ದಾರೆ. ಕ್ರಿಮಿಯಾ ಯುದ್ಧದಿಂದ ಹಿಂದಿರುಗಿದ ಮೇಲೆ ಅವರೇ ಅನೇಕ ವರ್ಷ ಕಾಯಿಲೆಯಿಂದ ಕೋಣೆ ಬಿಟ್ಟು ಬಾರದಂತಾದಾಗ, ಆ ಕೋಣೆಯ ತುಂಬ ಬೆಕ್ಕುಗಳಿದ್ದವು. ಒಂದಕ್ಕೆ ಜರ್ಮನಿಯ ಮಂತ್ರಿ ಬಿಸ್ಮಾರ್ಕನ ಹೆಸರನ್ನೇ ಇಟ್ಟಿದ್ದರು! ಅದಕ್ಕೂ ಒಂದು ಶತಮಾನ ಹಿಂದೆ ಕ್ರಿಸ್ಟೋಫರ್ ಸ್ಮಾರ್ಟ್ ಎಂಬ ಇಂಗ್ಲಿಷ್ ಕವಿಯನ್ನು ಬುದ್ಧಿಭ್ರಮಣೆಯಾಗಿದೆಯೆಂದು ವರ್ಷಗಟ್ಟಲೆ ಕೂಡಿಹಾಕಿದ್ದರು. ಆ ಏಕಾಂತದಲ್ಲಿ ಅವನ ಜೊತೆಗಿದ್ದುದು ಜೆಫ್ರಿ ಎಂಬ ಬೆಕ್ಕು. ಅದರ ಪ್ರತಿಯೊಂದು ಚಲನವನ್ನೂ ದೇವರ ಪೂಜೆಯೆಂದು ಕೊಂಡಾಡಿ ಅವನು ಬರೆದ ಪಂಕ್ತಿಗಳು 1939ರವರೆಗೆ ಅಚ್ಚಾಗಲಿಲ್ಲ. ಇಂದು ಅವನ ಹೆಸರು ಉಳಿದಿರುವುದು ಬಹಳಮಟ್ಟಿಗೆ ಅವುಗಳಿಂದಲೇ.

ಶಾಸ್ತ್ರಜ್ಞರು ಏನೆನ್ನುತ್ತಾರೆಂದು ಹಿರಿಯ ವಿದ್ಯಾರ್ಥಿಗಳು ಕೇಳಬಹುದು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 249 ಮಂದಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹತ್ತೇ ನಿಮಿಷ ಬೆಕ್ಕು ನಾಯಿಗಳ ಮೈ ಸವರಿದವರ ಜೊಲ್ಲಿನಲ್ಲಿ, ಉದ್ವೇಗದ ಸಮಯದಲ್ಲಿ ದೇಹವು ಸ್ರವಿಸುವ ಕಾರ್ಟಿಸಾಲ್ ಎಂಬ ರಸದ ಪ್ರಮಾಣವು ಕಡಿಮೆಯಾಗಿತ್ತು. ಬೆಕ್ಕಿನ ಗುರುಗುಟ್ಟುವ ಧ್ವನಿಯು ಅದರ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಹುಟ್ಟತಕ್ಕದ್ದು. ಉಸಿರನ್ನು ಎಳೆಯುವಾಗಲೂ ಬಿಡುವಾಗಲೂ ಸೆಕೆಂಡಿಗೆ ಸುಮಾರು 25ರಿಂದ 30 ಬಾರಿಯ ಕಂಪನವಾಗಿ ಅದು ಹೊರಡುತ್ತದೆ. ಈ ಕಂಪನದಿಂದ ಮುರಿದ ಮೂಳೆ ಕೂಡುತ್ತದೆಂದು ಹೇಳುವವರಿದ್ದಾರೆ. ಅದಕ್ಕೆ ಆಧಾರ ಸಾಲದು, ನಂಬಬೇಡಿರಿ. ಬೆಕ್ಕು ಸುಖದಲ್ಲಿ ಮಾತ್ರವಲ್ಲ, ನೋವಿನಲ್ಲಿಯೂ ಗುರುಗುಟ್ಟುತ್ತದೆಂಬುದನ್ನು ಮಾತ್ರ ನೆನಪಿಡಿರಿ.

ನಮ್ಮ ಕನ್ನಡ ನಾಡಿನಲ್ಲಿ ಬೆಕ್ಕನ್ನು ರಕ್ಷಕನೆಂದೇ ಭಾವಿಸಿದ ಊರೊಂದುಂಟು. ಮಂಡ್ಯ ಜಿಲ್ಲೆಯ ಬೆಕ್ಕಳಲೆ ಗ್ರಾಮದವರು ತಮ್ಮ ದೇವತೆ ಮಂಗಮ್ಮನು ಬೆಕ್ಕಿನ ರೂಪದಲ್ಲಿ ಬಂದು ಊರನ್ನು ಕೇಡಿನಿಂದ ಕಾಪಾಡಿದಳೆಂದು ನಂಬಿ, ಬೆಕ್ಕಿಗೆ ಗುಡಿ ಕಟ್ಟಿ ಪೂಜಿಸುತ್ತಾರೆ. ಬಂಗಾಳದಲ್ಲಿ ಮಕ್ಕಳನ್ನು ಕಾಯುವ ಷಷ್ಠೀದೇವಿಗೆ ಬೆಕ್ಕೇ ವಾಹನ. ಒಂದೂರಿನ ಅಪಶಕುನ ಇನ್ನೊಂದೂರಿನ ದೇವರು. ಬೆಕ್ಕಿಗೆ ಎರಡರ ಪರಿವೆಯೂ ಇಲ್ಲ.

ಈಗ ನಮ್ಮ ಊರಿನ ಮಾತಿಗೆ ಬರೋಣ. ಹಿಂದೆ ಅನಂತಪುರ ಜಿಲ್ಲೆಗೆ ಸೇರಿದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ನಮ್ಮ ಸೀಮೆಯು ಮಳೆಯ ನೆರಳಿನದು. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬೆಳೆ ಹೊಲದಲ್ಲಿಯೇ ಒಣಗುತ್ತದೆ. ದುಡಿಯುವ ವಯಸ್ಸಿನವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಉಳಿಯುವವರು ಅಜ್ಜ ಅಜ್ಜಿಯರು, ಅವರ ಮಡಿಲಲ್ಲಿ ಬಿಟ್ಟುಹೋದ ಮಕ್ಕಳು. ಸಾಲದ ಚಿಂತೆ, ಒಂಟಿತನ, ಪರೀಕ್ಷೆಯ ಭಯ ಇವುಗಳಿಗೆ ನಮ್ಮಲ್ಲಿ ಕಾಯಿಲೆಯೆಂಬ ಹೆಸರಿಲ್ಲ. ಆದುದರಿಂದ ಮದ್ದನ್ನೂ ಯಾರೂ ಕೇಳುವುದಿಲ್ಲ. ಸಂಜೆ ಮಾತನಾಡುವವರಿಲ್ಲದೆ ಜಗುಲಿಯ ಮೇಲೆ ಕುಳಿತ ಅಜ್ಜಿಯು ಬೆಕ್ಕಿನೊಡನೆ ಮಾತನಾಡುತ್ತಿದ್ದರೆ, ಆಕೆಗೆ ಅರುಳುಮರುಳೆಂದು ನಗಬೇಡಿರಿ. ಆ ಬೆಕ್ಕನ್ನು ಓಡಿಸಲೂ ಬೇಡಿರಿ. ಶಾಲೆಯಿಂದ ಬಂದ ಮಗು ಅಪ್ಪ ಅಮ್ಮನಿಗೆ ಹೇಳಲಾರದ್ದನ್ನು ಬೆಕ್ಕಿನ ಕಿವಿಯಲ್ಲಿ ಹೇಳುವುದೂ ಉಂಟು. ಪೋಷಕರು ಅದನ್ನು ಕದ್ದು ಕೇಳುವುದಕ್ಕಿಂತ, ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ಒಳಿತು.

ಆದರೆ ಬೆಕ್ಕು ವೈದ್ಯನಲ್ಲ. ಬೋವೆನ್ನನಿಗೂ ಬೆಕ್ಕಿನ ಜೊತೆಯಲ್ಲಿ ವೈದ್ಯರ ಚಿಕಿತ್ಸೆ ನಡೆದೇ ಇತ್ತು. ನಿದ್ದೆ ಊಟಗಳನ್ನು ಬಿಟ್ಟು, ಬದುಕೇ ಬೇಡವೆನ್ನುವವರ ಬಳಿ ಬೆಕ್ಕಿನ ಮರಿಯನ್ನು ಬಿಟ್ಟು ಸುಮ್ಮನಾಗುವುದು ದೊಡ್ಡ ತಪ್ಪು. ಭಾರತ ಸರ್ಕಾರವು 2022ರಲ್ಲಿ ‘ಟೆಲಿ ಮಾನಸ್’ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ಮಕ್ಕಳು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಲಿ.

ಬೆಕ್ಕನ್ನು ಸಾಕುವವರು ಇನ್ನು ಕೆಲವನ್ನು ತಿಳಿದಿರಬೇಕು. ಹುಚ್ಚುನಾಯಿಯಿಂದ ಬರುವ ರೇಬೀಸ್ ರೋಗವು ಬೆಕ್ಕಿನ ಕಡಿತದಿಂದಲೂ ಬರಬಹುದು. ಬೆಕ್ಕು ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅರಿಶಿನ ಸುಣ್ಣ ಮೆತ್ತದೆ, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಬಸುರಿಯರು ಬೆಕ್ಕಿನ ಮಲವನ್ನು ಎತ್ತಬಾರದು. ಅದರಲ್ಲಿ ಗರ್ಭಸ್ಥ ಶಿಶುವಿಗೆ ಹಾನಿ ಮಾಡುವ ಸೂಕ್ಷ್ಮ ಜೀವಿಗಳು ಇರಬಹುದು. ಉಬ್ಬಸವಿರುವವರು ಅದನ್ನು ಹಾಸಿಗೆಗೆ ಸೇರಿಸದಿರುವುದು ಮೇಲು. ಬೆಕ್ಕಿಗೂ ರೇಬೀಸ್ ತಡೆಯುವ ಲಸಿಕೆಯುಂಟು, ಪಶುವೈದ್ಯರನ್ನು ವಿಚಾರಿಸಿರಿ. ಮಲಗಿದ ಬೆಕ್ಕನ್ನು ಬಾಲ ಹಿಡಿದೆಳೆದು ಮುದ್ದಿಸುವ ಹುಡುಗರಿಗೆ ದೊರೆಯುವುದು ಸಾಂತ್ವನವಲ್ಲ, ಪರಚುಗಾಯ. ಅದು ತಾನಾಗಿ ಮಡಿಲಿಗೆ ಬರುವವರೆಗೆ ಕಾಯಬೇಕು.

ಕೊನೆಯದಾಗಿ ಹಾಲಿನ ವಿಷಯ. ಬೆಕ್ಕೆಂದರೆ ಹಾಲೆಂದು ನಾವೆಲ್ಲರೂ ತಿಳಿದಿದ್ದೇವೆ. ಆದರೆ ಮರಿತನ ಕಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಅವುಗಳ ನಿಜವಾದ ಆಹಾರ ಮಾಂಸ, ಮೀನು ಮತ್ತು ಇಲಿ. ಮೂಲೆಯಲ್ಲೊಂದು ಬಟ್ಟಲಿನಲ್ಲಿ ದಿನವೂ ಶುದ್ಧವಾದ ನೀರನ್ನಿಟ್ಟರೆ ಹಾಲಿಗಿಂತ ಹೆಚ್ಚಿನ ಉಪಕಾರವಾಗುತ್ತದೆ. ಸುಡುವ ಹಾಲಿಟ್ಟು ಬೆಕ್ಕಿಗೆ ಹಾಲೆಂದರೆ ಓಡಿಹೋಗುವುದನ್ನು ಕಲಿಸಿದ ತೆನಾಲಿ ರಾಮಕೃಷ್ಣನ ಕಥೆ ನಿಮಗೆಲ್ಲ ತಿಳಿದಿದೆ. ಆ ಬೆಕ್ಕು ಬಡಕಲಾದುದು ಹಾಲಿಲ್ಲದೆ ಅಲ್ಲ, ಬೇರೇನನ್ನೂ ಹಾಕದೆ ಇದ್ದುದರಿಂದ ಎಂದು ಈಗಿನ ಪಶುವೈದ್ಯರು ಹೇಳಿಯಾರು.