ಎಲ್ಲರೂ ಇಳಿದು ಬಂದರೇ? ಹಿಮಾಲಯದ ರ‍್ಯಾಲಿ ಕಾಯುವವರ ಕಥೆ

ಅಕ್ಟೋಬರ್ ಬಂತೆಂದರೆ ಹಿಮಾಚಲ ಪ್ರದೇಶದ ಲಾಹೌಲ್ ಮತ್ತು ಸ್ಪಿತಿಯ ರಸ್ತೆಬದಿಯ ಡಾಬಾಗಳು ಗಂಟುಮೂಟೆ ಕಟ್ಟುತ್ತವೆ. ಬೇಸಿಗೆಯಿಡೀ ಪ್ರವಾಸಿಗರಿಗೆ ಚಹಾ, ಮ್ಯಾಗಿ, ರಾಜ್ಮಾ-ಅನ್ನ ಬಡಿಸಿದ ಗುಡಾರಗಳ ಗೂಟ ಕಿತ್ತು, ಪಾತ್ರೆಪಡಗವನ್ನೆಲ್ಲ ಪಿಕಪ್ ಗಾಡಿಗೆ ಹೇರಿಕೊಂಡು ಜನ ಕೆಳಗಿಳಿಯುತ್ತಾರೆ. ಇನ್ನು ಕೆಲವೇ ವಾರಗಳಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಹೆಚ್ಚು ಕಡಿಮೆ ಎರಡು ದಶಕ ಕಾಲ, ಸರಿಯಾಗಿ ಇದೇ ಹೊತ್ತಿಗೆ, ಇನ್ನೊಂದು ಗುಂಪು ಮೇಲಕ್ಕೆ ಹತ್ತುತ್ತಿತ್ತು. ಕಚೇರಿಗೆ ರಜೆ ಹಾಕಿ ದೇಶದ ನಾನಾ ಊರುಗಳಿಂದ ಬಂದವರು. ಇವರು ಸ್ಪರ್ಧಿಗಳಲ್ಲ. ‘ರೇಡ್ ಡಿ ಹಿಮಾಲಯ’ ಎಂಬ ಮೋಟಾರು ರ‍್ಯಾಲಿಯಲ್ಲಿ ಸಮಯ ಬರೆಯಲು, ದಾರಿ ಕಾಯಲು, ಬಿದ್ದವರನ್ನು ಎತ್ತಲು ಬಂದ ಸ್ವಯಂಸೇವಕರು.

ಗೆದ್ದವರ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಇಂಥ ಎತ್ತರದಲ್ಲಿ ರ‍್ಯಾಲಿ ನಡೆಸಬಹುದು ಎಂಬ ಧೈರ್ಯ ಹುಟ್ಟಿದ್ದು ಗಾಡಿಗಳ ಬಲದಿಂದಲ್ಲ, ಕಾಯುವವರು ಸಿಕ್ಕಿದ್ದರಿಂದ. ಆ ವ್ಯವಸ್ಥೆ ಒಂದೇ ದಿನದಲ್ಲಿ ಆದದ್ದಲ್ಲ. ಅದರ ಒಂದೊಂದು ನಿಯಮದ ಹಿಂದೆಯೂ ಬೆಟ್ಟವೋ ಮರುಭೂಮಿಯೋ ಕಲಿಸಿದ ಒಂದು ಪಾಠವಿದೆ.

ದಾರಿ ತಪ್ಪಿದವನಿಂದ ಶುರುವಾದದ್ದು

1977ರಲ್ಲಿ ಥಿಯರಿ ಸಬೀನ್ ಎಂಬ ಫ್ರೆಂಚ್ ಸವಾರ ಅಬಿಜಾನ್-ನೀಸ್ ರ‍್ಯಾಲಿಯಲ್ಲಿ ಬೈಕ್ ಓಡಿಸುತ್ತ ಲಿಬಿಯಾದ ಮರುಭೂಮಿಯಲ್ಲಿ ದಾರಿ ತಪ್ಪಿದರು. ಬದುಕುವ ಆಸೆ ಕೈಬಿಡುವ ಹೊತ್ತಿಗೆ ಹುಡುಕಿ ಬಂದವರು ಅವರನ್ನು ಉಳಿಸಿದರು. ಅದೇ ಸಬೀನ್ 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಡಕಾರ್‌ಗೆ ಮೊದಲ ರ‍್ಯಾಲಿ ಹೊರಡಿಸಿದರು. ಸರ್ಕ್ಯೂಟಿನಲ್ಲಿ ಸುತ್ತುವುದನ್ನು ಬಿಟ್ಟು, ಊರು ಕೇರಿ ಇಲ್ಲದ ಸೀಮೆಯನ್ನು ದಿನಗಟ್ಟಲೆ ದಾಟುವ ಆಟ ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಯಾರಾದರೂ ಕಾಣೆಯಾದರೆ ಹುಡುಕುವವರು ಯಾರು ಎಂಬ ಪ್ರಶ್ನೆಯೂ ಅದರ ಜೊತೆಗೇ ಬಂತು.

ಭಾರತದಲ್ಲಿ ಈ ಪ್ರಶ್ನೆ ಎದುರಾದದ್ದು 1980ರಲ್ಲಿ. ಮುಂಬೈನ ನಾಜಿರ್ ಹುಸೇನ್ ಮುಂದಾಳತ್ವದಲ್ಲಿ ಹಿಮಾಲಯನ್ ಕಾರ್ ರ‍್ಯಾಲಿ ಆ ವರ್ಷ ಶುರುವಾಯಿತು. ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯನ್ನು ಒಟ್ಟು ಐದು ಬಾರಿ ಗೆದ್ದ ಶೇಖರ್ ಮೆಹ್ತಾ ಅವರಂಥ ಹೆಸರಾಂತ ಚಾಲಕರು ನಮ್ಮ ಬೆಟ್ಟದ ರಸ್ತೆಗಳಿಗೆ ಬಂದರು. ಮೊಬೈಲ್ ಎಂಬುದು ಕನಸಿನಲ್ಲೂ ಇರದ ಕಾಲ. ಬೆಟ್ಟದ ಮೇಲಿನ ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಹಚ್ಚಿದರೆ ಸಂಪರ್ಕ ಸಿಗುವ ಹೊತ್ತಿಗೆ ಗಾಡಿಗಳು ಮುಂದಿನ ಜಿಲ್ಲೆ ಮುಟ್ಟಿರುತ್ತಿದ್ದವು.

ಆ ಕೊರತೆಯನ್ನು ತುಂಬಿದವರು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು. ಸರ್ಕಾರದ ಪರವಾನಗಿ ಪಡೆದು, ಮನೆಯ ಮಾಳಿಗೆಯ ಮೇಲೆ ಆಂಟೆನಾ ನೆಟ್ಟು, ಬಿಡುವಿನ ಹೊತ್ತಿನಲ್ಲಿ ದೂರದ ಅಪರಿಚಿತರ ಜೊತೆ ಮಾತಾಡುತ್ತಿದ್ದವರು. ಸೆಟ್ಟು, ಬ್ಯಾಟರಿ, ತಂತಿ ಹೊತ್ತು ಅವರು ಬೆಟ್ಟ ಹತ್ತಿದರು. ದುಡ್ಡು ಕೊಟ್ಟು ಕರೆದರೂ ಸಿಗದ ಪರಿಣತಿ ಪ್ರೀತಿಗಾಗಿ ಸಿಕ್ಕಿತು. ಈ ಹವ್ಯಾಸ ನಮ್ಮ ರಾಜ್ಯದಲ್ಲೂ ಹಳೆಯದು. ಬೆಂಗಳೂರು ಹವ್ಯಾಸಿ ರೇಡಿಯೊ ಕ್ಲಬ್ 1959ರಷ್ಟು ಹಿಂದಿನದು. ಕರ್ನಾಟಕದ ರ‍್ಯಾಲಿಗಳಲ್ಲೂ ಕಾಡಿನಂಚಿನಲ್ಲಿ ಸೆಟ್ಟು ಹಿಡಿದು ಕೂತವರು ಹ್ಯಾಮ್‌ಗಳೇ.

1999ರ ಶರತ್ಕಾಲ

1990ರ ಹೊತ್ತಿಗೆ ಹಿಮಾಲಯನ್ ಕಾರ್ ರ‍್ಯಾಲಿ ನಿಂತಿತು. ಆದರೆ ಅಷ್ಟರಲ್ಲಿ ಇನ್ನೂ ಎತ್ತರದ ದಾರಿಗಳು ತೆರೆಯತೊಡಗಿದ್ದವು. 1960ರಲ್ಲಿ ಹುಟ್ಟಿದ ಗಡಿ ರಸ್ತೆ ಸಂಸ್ಥೆ ಸೈನ್ಯಕ್ಕೆಂದು ಕಡಿದ ರಸ್ತೆಗಳಲ್ಲಿ ಮನಾಲಿ-ಲೇಹ್ ದಾರಿ 1980ರ ದಶಕದ ಕೊನೆಗೆ ಸಾರ್ವಜನಿಕರಿಗೆ ಮುಕ್ತವಾಯಿತು. ತೊಂಬತ್ತರ ದಶಕದ ಆರಂಭದಲ್ಲಿ ಸ್ಪಿತಿಯೂ ಹೊರಗಿನವರಿಗೆ ತೆರೆದುಕೊಂಡಿತು. ಈ ಬಾಗಿಲಿನಿಂದ ಒಳಹೊಕ್ಕದ್ದು ಶಿಮ್ಲಾದ ಹಿಮಾಲಯನ್ ಮೋಟಾರ್‌ಸ್ಪೋರ್ಟ್ ಅಸೋಸಿಯೇಷನ್. ವಿಜಯ್ ಪರ್ಮಾರ್ ನೇತೃತ್ವದಲ್ಲಿ ಅದು ಮೊದಲ ರೇಡ್ ಡಿ ಹಿಮಾಲಯ ನಡೆಸಿದ್ದು 1999ರಲ್ಲಿ, ಕಾರ್ಗಿಲ್ ಯುದ್ಧ ಮುಗಿದ ಅದೇ ವರ್ಷ.

ಅಕ್ಟೋಬರನ್ನೇ ಯಾಕೆ ಆರಿಸಿದರು? ಮಳೆಗಾಲದ ಭೂಕುಸಿತಗಳು ಮುಗಿದಿರುತ್ತವೆ, ಪ್ರವಾಸಿಗಳ ದಟ್ಟಣೆ ಇಳಿದಿರುತ್ತದೆ. ರಸ್ತೆಯನ್ನು ಕೆಲವು ಗಂಟೆ ಮುಚ್ಚಿ ಸ್ಪರ್ಧೆಗೆ ಬಿಟ್ಟುಕೊಟ್ಟರೆ ಯಾರಿಗೂ ದೊಡ್ಡ ತೊಂದರೆಯಿಲ್ಲ. ಹಿಮ ಇನ್ನೂ ದಾರಿ ಮುಚ್ಚಿರುವುದಿಲ್ಲ, ಆದರೆ ಯಾವ ರಾತ್ರಿಯಾದರೂ ಬೀಳಬಹುದು. ಸವಾರರಿಗೆ ಬೇಕಾದ ಸವಾಲೂ ಅದೇ. ಇದರ ಇನ್ನೊಂದು ಮುಖವನ್ನು ಅನುಭವಿಸಿದವರು ಸ್ವಯಂಸೇವಕರು. ಡಾಬಾಗಳು ಎದ್ದು ಹೋಗಿರುತ್ತವೆ. ಲೇಹ್ ದಾರಿ ಹಿಡಿದವರಿಗೆ ತಾಂಡಿಯ ಪೆಟ್ರೋಲ್ ಬಂಕಿನ ಬಳಿ, ಮುಂದಿನ 365 ಕಿಲೋಮೀಟರ್ ಎಣ್ಣೆ ಸಿಗುವುದಿಲ್ಲ ಎನ್ನುವ ಫಲಕವೇ ಇತ್ತು. ಸ್ಪಿತಿಯ ಕಡೆ ಹೊರಟವರಿಗೆ ಕಾಜಾದ ಬಂಕ್ ಬಿಟ್ಟರೆ ಇನ್ನೊಂದಿರಲಿಲ್ಲ. ಹಾಗಾಗಿ ಊಟ, ನೀರು, ಸ್ಟೋವು, ಗುಡಾರ, ಎಣ್ಣೆ, ಔಷಧ ಎಲ್ಲವನ್ನೂ ಗಾಡಿಯಲ್ಲೇ ತುಂಬಿಕೊಂಡು ಹೋಗಬೇಕು. ರೇಡ್‌ನ ಸ್ವಯಂಸೇವಕರ ತಂಡದಲ್ಲಿ ಸಮಯ ಬರೆಯುವವರಷ್ಟೇ ಅಡುಗೆಯವರು, ಮೆಕ್ಯಾನಿಕ್‌ಗಳು, ವೈದ್ಯರು ಮುಖ್ಯರಾದದ್ದು ಹೀಗೆ.

ಟೇಬಲ್ಲು, ಗಡಿಯಾರ, ಪೆನ್ಸಿಲ್ಲು

ರ‍್ಯಾಲಿಯ ಒಂದು ಸ್ಟೇಜ್, ಅಂದರೆ ಮುಚ್ಚಿದ ರಸ್ತೆಯ ಮೇಲಿನ ಒಂದು ಹಂತ, ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ಮೊದಲ ಗಾಡಿ ಹೊರಡುವುದು ಏಳಕ್ಕಾದರೆ ಮಾರ್ಷಲ್‌ಗಳು, ಅಂದರೆ ಸಮಯ ಬರೆದು ದಾರಿ ಕಾಯುವ ಸ್ವಯಂಸೇವಕರು, ಏಳುವುದು ರಾತ್ರಿ ಎರಡಕ್ಕೋ ಮೂರಕ್ಕೋ. ರಸ್ತೆ ಮುಚ್ಚುವ ಮೊದಲೇ ಪ್ರತಿಯೊಬ್ಬರೂ ತಮ್ಮ ಜಾಗ ಸೇರಿಕೊಂಡಿರಬೇಕು. ಗಡಿಯಾರದ ಚಿತ್ರವಿರುವ ಹಳದಿ ಬೋರ್ಡು, ಸ್ವಲ್ಪ ಮುಂದೆ ಅದೇ ಚಿತ್ರದ ಕೆಂಪು ಬೋರ್ಡು, ಅದರ ಪಕ್ಕದಲ್ಲಿ ಒಂದು ಮಡಚುವ ಟೇಬಲ್ಲು. ಗಾಳಿಗೆ ಹಾರದಂತೆ ಬೋರ್ಡಿನ ಕಾಲಿಗೆಲ್ಲ ಕಲ್ಲು ಪೇರಿಸಿರುತ್ತಾರೆ.

ಗಾಡಿ ಬಂದು ನಿಲ್ಲುತ್ತದೆ. ಚಾಲಕನ ಪಕ್ಕ ಕೂತು ದಾರಿ ಹೇಳುವ ನ್ಯಾವಿಗೇಟರ್ ಕಿಟಕಿಯಿಂದ ಟೈಮ್ ಕಾರ್ಡ್ ಚಾಚುತ್ತಾನೆ. ಮಾರ್ಷಲ್ ಕೈಗವಸು ತೆಗೆದು ಬರೆಯಬೇಕು, ಗವಸು ಹಾಕಿಕೊಂಡು ಅಂಕಿ ನೆಟ್ಟಗೆ ಮೂಡುವುದಿಲ್ಲ. ಬಾಲ್‌ಪೆನ್ನಿನ ಶಾಯಿ ಚಳಿಗೆ ಗಟ್ಟಿಯಾಗಿ ನಿಂತುಬಿಡುತ್ತದೆ, ಅದಕ್ಕೇ ಅನುಭವಸ್ಥರ ಜೇಬಿನಲ್ಲಿ ಸದಾ ಪೆನ್ಸಿಲ್ಲು. ವಾಕಿ-ಟಾಕಿಯ ಹೆಚ್ಚುವರಿ ಬ್ಯಾಟರಿ ಜರ್ಕಿನ್ನಿನ ಒಳಜೇಬಿನಲ್ಲಿ ಮೈಶಾಖಕ್ಕೆ ಬೆಚ್ಚಗಿರುತ್ತದೆ. ಬರೆದ ಸಮಯವನ್ನು ಮಾರ್ಷಲ್ ತನ್ನ ಹಾಳೆಯಲ್ಲೂ ದಾಖಲಿಸಿ ಕಾರ್ಡ್ ಹಿಂತಿರುಗಿಸುತ್ತಾಳೆ. ಒಂದು ಅಂಕಿ ತಪ್ಪಿದರೂ ಯಾರದೋ ವರ್ಷದ ದುಡಿಮೆ ಹಾಳು. ನಿಮಿಷಕ್ಕೊಂದರಂತೆ, ಎರಡು ನಿಮಿಷಕ್ಕೊಂದರಂತೆ ಗಾಡಿಗಳು ಬರುತ್ತಲೇ ಇರುತ್ತವೆ.

ಗಾಳಿಯ ಲೆಕ್ಕ ಬೇರೆಯೇ ಇದೆ. ಐದು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಸ್ಪಿತಿಯ ದಾರಿಯ ಕುಂಜುಂ ಪಾಸ್ ನಾಲ್ಕೂವರೆ ಸಾವಿರ ಮೀಟರ್ ದಾಟುತ್ತದೆ, ಲೇಹ್ ದಾರಿಯ ಬಾರಾಲಾಚಾ ಇನ್ನೂ ಮೇಲೆ. ಎಂಜಿನ್ನಿಗೆ ಉಸಿರು ಸಾಲದೆ ಬಲ ಕುಗ್ಗುತ್ತದೆ, ಡೀಸೆಲ್ ಚಳಿಗೆ ಗಟ್ಟಿಯಾಗುತ್ತದೆ, ನೀರು ಬೇಗ ಕುದಿದರೂ ಬೇಳೆ ಬೇಯುವುದಿಲ್ಲ. ಮನುಷ್ಯನಿಗೆ ತಲೆನೋವು, ವಾಕರಿಕೆ, ನಿದ್ದೆಗೇಡು. ಅದು ಮುಂದುವರಿದು ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿದರೆ ಪ್ರಾಣಕ್ಕೇ ಸಂಚಕಾರ. ಔಷಧಿ, ಆಮ್ಲಜನಕ ಕೊಡಬಹುದು, ಆದರೆ ಖಚಿತ ಪರಿಹಾರ ಕೆಳಗಿಳಿಸುವುದೊಂದೇ.

ಇಲ್ಲಿ ಸವಾರನಿಗಿಂತ ಮಾರ್ಷಲ್‌ನ ಪಾಡು ಕಷ್ಟದ್ದು. ಸವಾರ ಪಾಸ್ ಹತ್ತಿ ಕೆಲವೇ ನಿಮಿಷಗಳಲ್ಲಿ ಆಚೆ ಇಳಿದುಬಿಡುತ್ತಾನೆ. ಮಾರ್ಷಲ್ ಮಾತ್ರ ಕೊನೆಯ ಗಾಡಿ ದಾಟುವವರೆಗೆ ಅಲ್ಲೇ ಇರಬೇಕು. ಹಾಗಾಗಿಯೇ ಮೊದಲೇ ಬಂದು ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳುವುದು, ಯಾರನ್ನೂ ಒಂಟಿಯಾಗಿ ನಿಲ್ಲಿಸದಿರುವುದು, ಜೊತೆಗಾರ ಮಾತು ತೊದಲಿದರೆ, ನಡಿಗೆ ತಪ್ಪಿದರೆ ತಕ್ಷಣ ರೇಡಿಯೊದಲ್ಲಿ ತಿಳಿಸುವುದು ಈ ಕೆಲಸದ ಅಡಿಪಾಯ.

ಎಣಿಕೆಯೇ ಜೀವ

ಸ್ಟೇಜಿನ ಉದ್ದಕ್ಕೂ ಅಲ್ಲಲ್ಲಿ ರೇಡಿಯೊ ಪಾಯಿಂಟ್‌ಗಳಿರುತ್ತವೆ. ವಾಕಿ-ಟಾಕಿಯ ಅಲೆ ನೇರವಾಗಿ ಸಾಗುವಂಥದ್ದು, ನಡುವೆ ಒಂದು ಗುಡ್ಡ ಅಡ್ಡಬಂದರೆ ಮಾತು ಕಡಿದುಹೋಗುತ್ತದೆ. ಆದ್ದರಿಂದ ಎರಡು ಕಣಿವೆಗೂ ಕಾಣುವಂಥ ಎತ್ತರದಲ್ಲಿ ಒಬ್ಬರು ಕೂತು ಈಚೆಯ ಮಾತನ್ನು ಆಚೆಗೆ ದಾಟಿಸಬೇಕು. ಗಾಳಿ ಅತಿ ಹೆಚ್ಚು ಬೀಸುವ ಜಾಗವೂ ಅದೇ.

ಪ್ರತಿ ಪಾಯಿಂಟಿನ ಕೆಲಸ ಸರಳ. ದಾಟಿದ ಗಾಡಿಯ ನಂಬರ್ ಹೇಳುವುದು, ಬರೆದುಕೊಳ್ಳುವುದು. ಹದಿನಾಲ್ಕು ಬಂತು, ಹದಿನೈದು ಬಂತು, ಹದಿನೇಳು ಬಂತು. ಹದಿನಾರು ಎಲ್ಲಿ? ಪ್ರವಾಸಕ್ಕೆ ಹೋದ ಶಾಲೆಯ ಮೇಷ್ಟ್ರು ಬಸ್ಸು ಹೊರಡುವ ಮುಂಚೆ ತಲೆ ಎಣಿಸುವ ಹಾಗೆ ಈ ಎಣಿಕೆ ದಿನವಿಡೀ ನಡೆಯುತ್ತದೆ. ಹಿಂದಿನ ಪಾಯಿಂಟ್ ದಾಟಿದ ನಂಬರ್ ಮುಂದಿನದಕ್ಕೆ ಬರದಿದ್ದರೆ ಅದು ಇರುವುದು ಆ ಎರಡರ ನಡುವೆಯೇ. ಬರೀ ಪೆನ್ಸಿಲ್ಲು, ಹಾಳೆಯಿಂದ ಇಷ್ಟು ದೊಡ್ಡ ಬೆಟ್ಟದಲ್ಲಿ ಹುಡುಕುವ ಜಾಗ ಕೆಲವು ಕಿಲೋಮೀಟರ್‌ಗೆ ಇಳಿಯುತ್ತದೆ. ಕಾರು ಕೆಟ್ಟು ನಿಂತಿದ್ದು ಒಳಗಿನವರು ಕ್ಷೇಮವಾಗಿದ್ದರೆ ಹಿಂದೆ ಬರುವವರಿಗೆ ‘ಓಕೆ’ ಬೋರ್ಡು ತೋರಿಸುತ್ತಾರೆ. ಪೆಟ್ಟಾಗಿದ್ದರೆ ಎಸ್‌ಓಎಸ್ ಬೋರ್ಡು, ಅದನ್ನು ಕಂಡವರು ಸ್ಪರ್ಧೆ ಬಿಟ್ಟು ನಿಲ್ಲಲೇಬೇಕು. ನೆರವಿನ ಗಾಡಿ ಒಳಹೋಗುವುದು ಸ್ಪರ್ಧೆಯ ದಿಕ್ಕಿನಲ್ಲೇ, ಎದುರು ದಿಕ್ಕಿನಿಂದ ಎಂದಿಗೂ ಅಲ್ಲ. ತಿರುವಿನಾಚೆ ಏನು ಬರುತ್ತಿದೆಯೋ ಯಾರಿಗೆ ಗೊತ್ತು?

ಎಲ್ಲರೂ ಹೋದ ಮೇಲೆ ಸ್ವೀಪ್ ಗಾಡಿ ಹೊರಡುತ್ತದೆ. ಕೆಟ್ಟು ನಿಂತ ಗಾಡಿಗೆ ಟೋ ಹಗ್ಗ ಕಟ್ಟುತ್ತ, ಸುಸ್ತಾದ ಬೈಕ್ ಸವಾರರನ್ನು ಹತ್ತಿಸಿಕೊಳ್ಳುತ್ತ, ಒಂದೊಂದೇ ಪಾಯಿಂಟಿನ ಮಾರ್ಷಲ್‌ಗಳನ್ನು ಎಬ್ಬಿಸಿಕೊಂಡು ಬರುತ್ತದೆ. ಸ್ವೀಪ್ ಬರುವವರೆಗೆ ಜಾಗ ಬಿಡುವ ಹಾಗಿಲ್ಲ, ಕತ್ತಲಾಗಲಿ, ಹಿಮ ಬೀಳಲಿ. ಬೆಟ್ಟದವರಿಗೆ ಈ ನೀತಿ ಹೊಸದಲ್ಲ. ಕುಂಜುಂ ಪಾಸಿನ ಕೆಳಗಿನ ಬಾತಲ್‌ನಲ್ಲಿ ಡಾಬಾ ನಡೆಸುವ ದಂಪತಿ, ಹಿಮದಲ್ಲಿ ಸಿಕ್ಕಿಕೊಂಡ ದಾರಿಹೋಕರಿಗೆ ಎಷ್ಟೋ ಸಲ ಉಣಿಸಿ, ಮಲಗಿಸಿ ಕಾಪಾಡಿದ್ದಾರೆ. ದಾರಿಯಲ್ಲಿ ಯಾರನ್ನೂ ಬಿಟ್ಟು ಹೋಗಬಾರದು ಎಂಬ ಊರಿನ ಕಟ್ಟಳೆಯೂ ರ‍್ಯಾಲಿಯ ನಿಯಮವೂ ಒಂದೇ.

ಕರ್ನಾಟಕದಿಂದ ಹತ್ತಿದ ದಾರಿ

ಬೆಂಗಳೂರಿನ ಸಿ.ಎಸ್. ಸಂತೋಷ್ ರೇಡ್‌ನ ಬೈಕ್ ವಿಭಾಗದಲ್ಲಿ ಗೆದ್ದು, 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಉಡುಪಿಯ ಕೆ.ಪಿ. ಅರವಿಂದ್ ಕೂಡ ಮುಂದೆ ಡಕಾರ್ ಮುಗಿಸಿದರು. ಹೆಸರು ಡಕಾರ್ ಎಂದೇ ಉಳಿದರೂ ಆ ರ‍್ಯಾಲಿ ಸೌದಿ ಅರೇಬಿಯಾಕ್ಕೆ ಸ್ಥಳಾಂತರಗೊಂಡಿತ್ತು; 2021ರಲ್ಲಿ ಸಂತೋಷ್ ಅಲ್ಲಿನ ಮರುಭೂಮಿಯಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾದಾಗ ಅವರನ್ನು ವಿಮಾನಮಾರ್ಗದಲ್ಲಿ ರಿಯಾದ್‌ನ ಆಸ್ಪತ್ರೆಗೆ ಸಾಗಿಸಿ ಉಳಿಸಿಕೊಂಡರು. ಅಲ್ಲಿ ಸ್ಪರ್ಧೆಗೆಂದೇ ಹೆಲಿಕಾಪ್ಟರ್‌ಗಳಿವೆ. ಹಿಮಾಲಯದ ಪಾಸ್‌ಗಳಲ್ಲಿ ಮೋಡ ಕವಿದರೆ ಹೆಲಿಕಾಪ್ಟರ್ ಹಾರುವುದಿಲ್ಲ, ಹಾರಿದರೂ ಇಳಿಯಲು ಸಮತಟ್ಟು ಜಾಗ ಬೇಕು. ಇಲ್ಲಿ ಬಿದ್ದವರ ಬಳಿಗೆ ಮೊದಲು ತಲುಪುವುದು ನೆಲದ ಮೇಲಿರುವ ಮನುಷ್ಯನೇ.

ಈ ಕಾಯುವ ಕೆಲಸ ಕಲಿಯಲು ಮನಾಲಿಗೇ ಹೋಗಬೇಕಿಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತ ಬಂದ ಕೆ-1000 ದೇಶದ ಹಳೆಯ ರ‍್ಯಾಲಿಗಳಲ್ಲೊಂದು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆಯೂ ರಾಷ್ಟ್ರಮಟ್ಟದ ರ‍್ಯಾಲಿಗಳು ನಡೆದಿವೆ. ಟೈಮ್ ಕಾರ್ಡ್ ತುಂಬುವುದು, ರೇಡಿಯೊದಲ್ಲಿ ಚುಟುಕಾಗಿ ಮಾತಾಡುವುದು, ತೋಟದ ಆಳುಗಳನ್ನೂ ನೋಡಲು ಬಂದ ಹುಡುಗರನ್ನೂ ವಿನಯದಿಂದ ಪಕ್ಕಕ್ಕೆ ನಿಲ್ಲಿಸುವುದು ಇಲ್ಲೇ ರೂಢಿಯಾಗುತ್ತದೆ.

ಇನ್ನು ಮುಂದೆ

2020ರ ಅಕ್ಟೋಬರ್‌ನಲ್ಲಿ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಪಾಸ್ ಹತ್ತದೆಯೇ ಲಾಹೌಲ್ ತಲುಪಬಹುದು. ಮೊಬೈಲ್ ಟವರ್‌ಗಳು ಬಂದಿವೆ, ಗಾಡಿ ಎಲ್ಲಿದೆ ಎಂದು ಉಪಗ್ರಹದ ಮೂಲಕ ತೋರಿಸುವ ಟ್ರ್ಯಾಕರ್‌ಗಳು ಬಂದಿವೆ. ಇವೆಲ್ಲ ಬೇಕು, ಇನ್ನಷ್ಟು ಬರಲಿ. ಆದರೆ ಟ್ರ್ಯಾಕರ್ ಹೇಳುವುದು ಗಾಡಿ ನಿಂತಿದೆ ಎಂದು ಮಾತ್ರ. ಇಳಿಜಾರಿನಲ್ಲಿ ಇಳಿದು, ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಬೇಕೋ ಬೇಡವೋ ತೀರ್ಮಾನಿಸಿ, ಸವಾರನ ಕುತ್ತಿಗೆ ಅಲುಗದಂತೆ ಹಿಡಿದು ಕೂರಲು ತರಬೇತಾದ ಕೈಗಳೇ ಬೇಕು.

ಎತ್ತರದ ರ‍್ಯಾಲಿಗಳನ್ನು ಮುಂದೆ ಯಾರೇ ನಡೆಸಲಿ, ಬಹುಮಾನದ ಮೊತ್ತ ನಿಗದಿಯಾಗುವ ಮುಂಚೆ ಸ್ವಯಂಸೇವಕರ ತರಬೇತಿ, ವಿಮೆ, ಬೆಚ್ಚಗಿನ ಬಟ್ಟೆ, ಪಾಳಿ ಬದಲಾವಣೆಗೆ ಹಣ ಎತ್ತಿಡಬೇಕು. ಪುಕ್ಕಟೆ ದುಡಿಯುತ್ತಾರೆ ಎಂಬ ಕಾರಣಕ್ಕೆ ಅವರ ಜೀವ ಅಗ್ಗವಾಗಬಾರದು. ವೇಗದ ಮೋಹವಿರುವ, ಸ್ಪರ್ಧಿಸಲು ಹಣವಿಲ್ಲದ ನಮ್ಮ ಯುವಕ ಯುವತಿಯರಿಗೂ ಈ ದಾರಿ ತೆರೆದಿದೆ. ಮೊದಲು ಹತ್ತಿರದ ರ‍್ಯಾಲಿಯಲ್ಲಿ ಒಂದು ದಿನ ಬೋರ್ಡು ಹಿಡಿದು ನಿಲ್ಲಲಿ, ಪ್ರಥಮ ಚಿಕಿತ್ಸೆ ಕಲಿಯಲಿ, ಹ್ಯಾಮ್ ಪರೀಕ್ಷೆ ಬರೆಯಲಿ. ಯಾರು ಮೊದಲು ಬಂದರು ಎಂಬುದನ್ನು ಗಡಿಯಾರವೇ ಹೇಳುತ್ತದೆ. ಎಲ್ಲರೂ ಬಂದರೇ ಎಂದು ಕೇಳಿ, ಉತ್ತರ ಸಿಗುವವರೆಗೆ ನಿಲ್ಲುವ ಮನುಷ್ಯರಿದ್ದರೆ ಮಾತ್ರ ಆ ಎತ್ತರದಲ್ಲಿ ರ‍್ಯಾಲಿ ನಡೆಸುವ ಹಕ್ಕು ನಮಗಿದೆ.